ಹಾದಿಯ ಮೇಲಿನ ಮನೆಗಳೂ ನಮ್ಮ ಹಾಜರಿ ಪುಸ್ತಕವೂ

ಶಾಲೆಗಳು ಹೊರತರುವ ಸ್ಮರಣ ಸಂಚಿಕೆಗಳಲ್ಲಿ ಓದಿ ಮುಂದೆ ಬಂದವರ ಹೆಸರುಗಳಿಗೆ ಕೊರತೆಯಿರುವುದಿಲ್ಲ. ವೈದ್ಯರಾದವರು, ಎಂಜಿನಿಯರಾದವರು, ಆಡಳಿತದಲ್ಲಿ ಹೆಸರು ಪಡೆದವರು ಭಾವಚಿತ್ರಸಹಿತರಾಗಿ ಪುಟಗಳಲ್ಲಿ ವಿರಾಜಿಸುತ್ತಾರೆ. ಅದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ ದಾಖಲಾತಿ ಪುಸ್ತಕದಲ್ಲಿ ಹೆಸರು ಬಿದ್ದು, ಎರಡು ಮೂರು ವರ್ಷ ನಮ್ಮ ಬೆಂಚುಗಳ ಮೇಲೆಯೇ ಕುಳಿತಿದ್ದು, ಒಂದು ದಿನ ‘ಊರು ಬಿಟ್ಟಿದ್ದಾರೆ’ ಎಂಬ ಎರಡು ಶಬ್ದಗಳ ಷರಾದೊಡನೆ ಮರೆಯಾಗಿಹೋದ ಮಕ್ಕಳ ಲೆಕ್ಕವನ್ನು ಯಾವ ಸಂಚಿಕೆಯೂ ಇಡುವುದಿಲ್ಲ. ಈ ಲೇಖನ ಅವರನ್ನು ಕುರಿತದ್ದು. ಮಠದ ಶಾಲೆಯೊಂದು ಅವರ ವಿಷಯದಲ್ಲಿ ಏನು ಮಾಡಬೇಕೆಂಬ ಬಗೆಗೆ ನನ್ನ ಅಭಿಪ್ರಾಯವನ್ನು ಉಪಾಧ್ಯಾಯ ಬಂಧುಗಳ, ಹಿರಿಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ಇಡುತ್ತಿದ್ದೇನೆ.

ಮಂಡ್ಯ ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಲುವೆ, ಕಬ್ಬು, ಬತ್ತದ ಗದ್ದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಎರಡು ದಶಕಗಳ ಬಳಿಕ ಪೂರ್ಣಗೊಂಡು, ಹುಲಿಕೆರೆಯ ಸುರಂಗವನ್ನು ದಾಟಿ ಹರಿದ ನೀರು ಈ ಸೀಮೆಯ ಬಾಳನ್ನೇ ಬದಲಿಸಿತೆಂಬುದು ನಿಜ. ಶ್ರೀರಂಗಪಟ್ಟಣಕ್ಕಂತೂ ಅದಕ್ಕೂ ಹಿಂದಿನಿಂದ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ಭಾಗ್ಯವಿತ್ತು. ಆದರೆ ಪಾಂಡವಪುರವನ್ನು ಹಿಂದೆ ಹಾಕಿ ಉತ್ತರಕ್ಕೆ ಹೊರಟರೆ ಭೂಮಿಯ ಬಣ್ಣ ತಿರುಗುತ್ತದೆ. ನಾಗಮಂಗಲದ ಬಹುಭಾಗ ಇಂದಿಗೂ ಮಳೆಯನ್ನೇ ನಂಬಿದ ನೆಲ. ರಾಗಿ, ಹುರುಳಿ, ಒಂದಿಷ್ಟು ತೆಂಗು. ಹಿಂದೆ ಅತ್ತಿಗುಪ್ಪೆಯೆನಿಸಿಕೊಂಡಿದ್ದ ಕೃಷ್ಣರಾಜಪೇಟೆಗೆ ಹೇಮಾವತಿಯ ನೀರು ಬಂದಿದ್ದರೂ ಅದು ತಾಲ್ಲೂಕಿನ ಎಲ್ಲ ಮೂಲೆಗಳನ್ನೂ ಮುಟ್ಟಿಲ್ಲ. ಒಂದೇ ಜಿಲ್ಲೆಯೊಳಗೆ ಕಾಲುವೆಯ ಮೇಲಿನವರು, ಕಾಲುವೆಯ ಕೆಳಗಿನವರು ಎಂಬ ಎರಡು ಜಾತಿಗಳು ಹುಟ್ಟಿಕೊಂಡಿವೆಯೆಂದರೆ ತಪ್ಪಾಗಲಾರದು. ನಾವು ಹೋಗಲಾಡಿಸಬೇಕೆಂದು ಹೊರಟ ಜಾತಿಗಳೇ ಸಾಲದೆಂಬಂತೆ!

ನೀರು ಮುಟ್ಟದ ಹಳ್ಳಿಗಳ ಕುಟುಂಬಗಳು ಬಹುಕಾಲದಿಂದ ಮುಂಬಯಿಯ ದಾರಿ ಹಿಡಿದಿವೆ. ಮೊದಲು ಒಬ್ಬ ತರುಣ ಹೋಗುತ್ತಾನೆ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆ, ಇಲ್ಲವೆ ಆಟೋ ಓಡಿಸುತ್ತಾನೆ. ಅವನ ಹಿಂದೆ ತಮ್ಮ, ಆಮೇಲೆ ಹೆಂಡತಿ ಮಕ್ಕಳು. ಊರಿನಲ್ಲಿ ಮುದುಕರೂ ಬೀಗವೂ ಉಳಿಯುತ್ತವೆ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಬಂದು ಹೋಗುವ ಈ ಜನ ಊರಿನ ದೇವಸ್ಥಾನದ ಗೋಪುರಕ್ಕೆ ಚಂದಾ ಕೊಡುವುದನ್ನು ಮರೆಯುವುದಿಲ್ಲ. ಮುಂಬಯಿಯಲ್ಲಿ ಉದ್ಯಮ ನಡೆಸಿ ಮರಳಿದವರೊಬ್ಬರು ಕೃಷ್ಣರಾಜಪೇಟೆಯಿಂದ ಶಾಸಕರೂ ಆದರೆಂಬುದರಿಂದ ಆ ಊರಿಗೂ ಈ ತಾಲ್ಲೂಕಿಗೂ ಇರುವ ನಂಟಿನ ಆಳ ತಿಳಿಯುತ್ತದೆ. ಗೆದ್ದವರ ಕಥೆ ಎಲ್ಲರಿಗೂ ಗೊತ್ತು. ಗೆಲ್ಲದವರು ಎಷ್ಟು ಮಂದಿ ಹೊರಗಿದ್ದರೆಂಬುದು 2020ರವರೆಗೆ ನಮಗೆ ಸರಿಯಾಗಿ ತಿಳಿದಿರಲಿಲ್ಲ.

ಆ ವರ್ಷದ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಹೋಟೆಲುಗಳು ಮುಚ್ಚಿದವು, ಆಟೋಗಳು ನಿಂತವು, ಹತ್ತಡಿ ಕೋಣೆಗೆ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಒಂದೂವರೆ ತಿಂಗಳು ಕಾದು ಕುಳಿತವರು ಅನುಮತಿಪತ್ರ ಸಿಕ್ಕೊಡನೆ ನಾಲ್ಕೈದು ಮನೆಯವರು ಕೂಡಿ ಗಾಡಿಯೊಂದನ್ನು ಗೊತ್ತುಮಾಡಿಕೊಂಡು ಹೊರಟರು. ಪುಣೆ, ಸಾತಾರಾ, ಕೊಲ್ಲಾಪುರ. ನಿಪ್ಪಾಣಿಯ ಬಳಿಯ ಗಡಿಯಲ್ಲಿ ಗಂಟೆಗಟ್ಟಲೆ ನಿಲುಗಡೆ. ಬಳಿಕ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು. ಸುಮಾರು ಸಾವಿರ ಕಿಲೋಮೀಟರಿನ ಹಾದಿ. ದಾರಿಯುದ್ದಕ್ಕೂ ಊಟದ ಮನೆಗಳು ಮುಚ್ಚಿದ್ದವು. ಮೇ 18ರಂದು ರಾಜ್ಯ ಸರಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರ ಪ್ರವೇಶವನ್ನು ತಿಂಗಳ ಕೊನೆಯವರೆಗೆ ತಡೆಹಿಡಿಯಲು ತೀರ್ಮಾನಿಸಿದಾಗ ಇನ್ನೂ ಹೊರಡದಿದ್ದವರು ಹೊರಡದೆಯೇ ಉಳಿದರು. ಬಂದು ಮುಟ್ಟಿದವರಿಗೂ ಮನೆ ದಕ್ಕಲಿಲ್ಲ. ಪ್ರತ್ಯೇಕವಾಸದ ಹೆಸರಿನಲ್ಲಿ ಅವರನ್ನು ಇಳಿಸಿದ್ದು ವಸತಿಶಾಲೆಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ. ಊರಿಗೆ ಬಂದ ಮಗು ಮೊದಲು ನೋಡಿದ್ದು ತನ್ನ ಅಜ್ಜಿಯ ಮುಖವನ್ನಲ್ಲ, ತರಗತಿಯೊಂದರ ಕಪ್ಪುಹಲಗೆಯನ್ನು. ಆ ಹಲಗೆಯ ಮೇಲೆ ಪಾಠ ಬರೆಯುವವರು ಯಾರೂ ಇರಲಿಲ್ಲ.

ಆ ಮೇ ತಿಂಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ಪತ್ತೆಯಾದ ಸೋಂಕಿನ ಬಹುಪಾಲು ಮುಂಬಯಿಯಿಂದ ಮರಳಿದವರದು. ಕೃಷ್ಣರಾಜಪೇಟೆ ತಾಲ್ಲೂಕು ಅದರಲ್ಲಿ ಮುಂದಿತ್ತು. ಆದುದರಿಂದ ಹಳ್ಳಿಗಳು ಹೆದರಿದ್ದು ಅಕಾರಣವಲ್ಲ. ಆದರೆ ಹೆದರಿಕೆಗೂ ಹಗೆತನಕ್ಕೂ ನಡುವೆ ಒಂದು ಗೆರೆಯಿದೆ. ರಾಜ್ಯದ ಅನೇಕ ಹಳ್ಳಿಗಳಲ್ಲಿ ರಸ್ತೆಗೆ ಅಡ್ಡಲಾಗಿ ಮುಳ್ಳು ಹಾಕಿದರು. ಗೋಪುರದ ಚಂದಾಕ್ಕೆ ಬೇಕಾಗಿದ್ದ ‘ಮುಂಬಯಿಯವರು’ ಕಷ್ಟಕಾಲಕ್ಕೆ ಬೇಡವಾದರು. ಗ್ರಾಮದ ಸೋದರರು ಒಂದೆರಡು ತಿಂಗಳಲ್ಲಿ ಇದನ್ನು ಮರೆತರು. ಹೋಟೆಲುಗಳು ತೆರೆದಂತೆ ಹಲವರು ಮರಳಿ ಹೋದದ್ದೂ ಆಯಿತು. ಉಳಿದವರ ಮಕ್ಕಳ ಮಾತೇ ಬೇರೆ.

ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ಅಷ್ಟರೊಳಗೆ ಒಂದೂವರೆ ವರ್ಷ ಕಳೆದಿತ್ತು. ನಾನು ಬಲ್ಲ ನಾಗಮಂಗಲ ಕಡೆಯ ಕುಟುಂಬವೊಂದರ ಬಾಲಕಿ ಎರಡನೆಯ ತರಗತಿಯವರೆಗೆ ಇಲ್ಲಿ ಓದಿ, ಮುಂಬಯಿಗೆ ಹೋಗಿ ಅಲ್ಲಿನ ಶಾಲೆಯೊಂದರಲ್ಲಿ ಎರಡು ವರ್ಷ ಕಲಿತಿದ್ದಳು. ಶಾಲೆ ತೆರೆದಾಗ ತಂದೆ ಮಗಳನ್ನು ಕರೆದುಕೊಂಡು ಹೋದರೆ ಕೇಳಿದ ಮೊದಲ ಪ್ರಶ್ನೆ, ವರ್ಗಾವಣೆ ಪತ್ರ ಎಲ್ಲಿ? ಪತ್ರ ಕೊಡಬೇಕಾದ ಶಾಲೆ ಸಾವಿರ ಕಿಲೋಮೀಟರ್ ದೂರದಲ್ಲಿತ್ತು. ‘ತಂದು ಕೊಡಿ, ಆಮೇಲೆ ನೋಡೋಣ’ ಎಂದರು. ಆ ‘ಆಮೇಲೆ’ ಎಂಬುದಕ್ಕೆ ಎಂಟು ತಿಂಗಳು ಹಿಡಿಯಿತು. ಈ ನಡುವೆ ಆಕೆ ಅಜ್ಜಿಯ ಎರಡು ಮೇಕೆಗಳನ್ನು ಕಾಯುತ್ತಿದ್ದಳು. ಕೊನೆಗೆ ಸೇರಿಸಿಕೊಂಡಾಗ ತನಗಿಂತ ಎರಡು ವರ್ಷ ಚಿಕ್ಕವರ ನಡುವೆ ಕೂರಿಸಿದರು. ಶಾಲೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಇಂತಹ ಉತ್ತರ ಯಾವ ಕಚೇರಿಯ ಮೇಜಿನಿಂದಲೂ ಬರಬಹುದಾಗಿತ್ತು. ತಂದೆಗೆ ಗೊತ್ತಿರಲಿಲ್ಲ, ಎದುರಿಗೆ ಕುಳಿತವರಿಗೆ ಗೊತ್ತಿರಬೇಕಾಗಿತ್ತು: 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಶಾಲೆಯಿಂದ ಹೊರಗುಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಬಿದ್ದುದನ್ನು ತುಂಬಿಕೊಡಲು ವಿಶೇಷ ತರಬೇತಿ ಕೊಡತಕ್ಕದ್ದು. ವರ್ಷದ ನಡುವೆ ಬಂದರೂ ಬಾಗಿಲು ಮುಚ್ಚತಕ್ಕದ್ದಲ್ಲ. ಕಾನೂನು ಇಷ್ಟು ಉದಾರವಾಗಿದ್ದರೂ ಕಾನೂನಿಗೂ ಮೇಜಿಗೂ ನಡುವಿನ ದೂರ ಮುಂಬಯಿಗಿಂತ ಹೆಚ್ಚೆಂದು ತೋರುತ್ತದೆ.

ಹೋದವರ ಮಾತಾಯಿತು. ನಮ್ಮಲ್ಲಿಗೇ ಬರುವವರ ಮಾತೂ ಇದೆ. ಜೇವರ್ಗಿಯಿಂದ ಹೊರಟು ಬಳ್ಳಾರಿ, ಹಿರಿಯೂರು, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಹಾದು ಚಾಮರಾಜನಗರವನ್ನು ಸೇರುವ ಹೆದ್ದಾರಿಯನ್ನು ಈ ಸಂಚಿಕೆಯ ಓದುಗರಲ್ಲಿ ಹಲವರು ಬಲ್ಲರು. ಕಬ್ಬು ಕಡಿಯುವ ಕುಟುಂಬಗಳು ಬಳ್ಳಾರಿ, ವಿಜಯನಗರ ಜಿಲ್ಲೆಗಳ ತಾಂಡಾಗಳಿಂದ ಹಂಗಾಮು ಬಂದೊಡನೆ ನಮ್ಮ ಜಿಲ್ಲೆಗೆ ಬಂದಿಳಿಯುತ್ತವೆ. ಮೇಸ್ತ್ರಿಯಿಂದ ಪಡೆದ ಮುಂಗಡ ತೀರುವವರೆಗೆ ಅವರು ಊರಿಗೆ ಮರಳುವಂತಿಲ್ಲ. ಗಂಡ ಕಡಿಯುತ್ತಾನೆ, ಹೆಂಡತಿ ತರಗು ಸವರಿ ಹೊರೆ ಕಟ್ಟುತ್ತಾಳೆ, ಕೂಲಿಯ ಲೆಕ್ಕ ಟನ್ನಿನ ಮೇಲೆ. ಗದ್ದೆಯಂಚಿನ ಟಾರ್ಪಾಲಿನ ಗುಡಿಸಲಿನಲ್ಲಿ ಹಸುಗೂಸನ್ನು ನೋಡಿಕೊಳ್ಳುವುದು ಎಂಟು ಒಂಬತ್ತು ವರ್ಷದ ಅಕ್ಕ. ಆಕೆಯ ಹೆಸರು ಯಾವುದೋ ತಾಂಡಾದ ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆ; ಆಕೆ ಇರುವುದು ನಮ್ಮ ಗದ್ದೆಯಲ್ಲಿ. ಆ ಗದ್ದೆಗಳ ಒಡೆಯರಲ್ಲಿ ನಮ್ಮ ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ಮಹನೀಯರೂ ಇದ್ದಾರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವರು ಕೊಟ್ಟ ಕೊಠಡಿಗೂ ಅವರ ಗದ್ದೆಯ ಗುಡಿಸಲಿಗೂ ನಡುವೆ ಒಂದು ಕಾಲುದಾರಿ ಬಿದ್ದರೆ ಅವರಿಗೇ ಮೊದಲು ಸಂತೋಷವಾದೀತೆಂದು ನಂಬಿದ್ದೇನೆ. ಸರಕಾರ ಇಂತಹ ಮಕ್ಕಳಿಗಾಗಿ ಟೆಂಟ್ ಶಾಲೆ, ಚಿಣ್ಣರ ಅಂಗಳ, ಋತುಮಾನದ ವಸತಿ ಮುಂತಾದ ಯೋಜನೆಗಳನ್ನು ಮಾಡಿದ್ದುಂಟು. ಯೋಜನೆಗಳಿಗೆ ಆರ್ಥಿಕ ವರ್ಷವುಂಟು. ಕಬ್ಬಿಗೆ ಅದರದೇ ಆದ ವರ್ಷ. ಇವೆರಡೂ ಕೂಡಿಬರುವುದು ಅಪರೂಪ.

ಸಂಚಾರದ ಕುಟುಂಬವೆಂಬುದು ನಮ್ಮ ನಾಡಿಗೆ ಹೊಸತೇನಲ್ಲ. ಸುಗ್ಗಿ ಮುಗಿದ ಮೇಲೆ ಹೆಂಡಿರು ಮಕ್ಕಳೊಡನೆ ಬಂಡಿ ಕಟ್ಟಿಕೊಂಡು ಹೊರಡುವ ಹೆಳವರನ್ನು ನಮ್ಮ ಹಿರಿಯರು ಬಲ್ಲರು. ಲಿಂಗಾಯತ, ಒಕ್ಕಲಿಗ ಮನೆಗಳ ಅಂಗಳದಲ್ಲಿ ನಿಂತು ಆ ಮನೆಯ ಮೂಲಪುರುಷ ಯಾವ ಊರಿನಿಂದ ಬಂದವನು, ಅವನಿಗೆ ಎಷ್ಟು ಮಕ್ಕಳು, ಯಾರ ಕವಲು ಎಲ್ಲಿಗೆ ಹೋಯಿತು ಎಂಬುದನ್ನು ಅವರು ಹೇಳುತ್ತಿದ್ದರು. ದವಸ, ಬಟ್ಟೆ ಪಡೆದು ಮುಂದಿನ ಊರಿಗೆ ನಡೆಯುತ್ತಿದ್ದರು. ತಿಂಗಳುಗಳ ಬಳಿಕ ತಮ್ಮ ಊರಿಗೆ ಮರಳುತ್ತಿದ್ದರು. ಮಲೆಯ ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರೂ ಮಂಟೇಸ್ವಾಮಿಯ ಪರಂಪರೆಯ ನೀಲಗಾರರೂ ತಿರುಗಾಟದವರೇ. ಒಂದು ವಿಚಿತ್ರವನ್ನು ಗಮನಿಸಬೇಕು. ನಿಂತ ನೆಲದ ಮನೆಗಳ ವಂಶಾವಳಿಯನ್ನು ತಲೆತಲಾಂತರ ಕಾಪಾಡಿಕೊಂಡು ಬಂದವನು ಅಲೆಯುವ ಹೆಳವ. ಆ ಹೆಳವನ ಮಗುವಿನ ಹೆಸರನ್ನು ಒಂದು ವರ್ಷದ ಮಟ್ಟಿಗೆ ಕಾಪಾಡಿಕೊಳ್ಳಲಾರದ್ದು ನಮ್ಮ ದಾಖಲಾತಿ ಪುಸ್ತಕ.

ನಮ್ಮ ಧರ್ಮದಲ್ಲಿ ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆಯೆಂಬುದನ್ನು ಶಾಲೆಯ ಪ್ರತಿಯೊಂದು ಸಮಾರಂಭದಲ್ಲಿಯೂ ಹೇಳುತ್ತೇವೆ. ಬಸವಾದಿ ಶರಣರ ಆ ಮಾತಿಗೆ ತತ್ತ್ವದ ಆಳವಿದೆ. ಅದನ್ನು ಬರಿಯ ತಿರುಗಾಟಕ್ಕೆ ಇಳಿಸುವುದು ಸಲ್ಲದೆಂದು ಬಲ್ಲವರು ಹೇಳಬಹುದು. ಒಪ್ಪುತ್ತೇನೆ. ಆದರೂ ಮಠದ ಸಂಪ್ರದಾಯದಲ್ಲಿ ಚರಮೂರ್ತಿಯೆಂಬ ಪದ ಇನ್ನೂ ಜೀವಂತವಾಗಿದೆ. ಭಕ್ತರ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿಯೂ ಎತ್ತಿನ ಗಾಡಿಯಲ್ಲಿಯೂ ಸುತ್ತಿ, ರಾಗಿ ಬತ್ತಗಳನ್ನು ಭಿಕ್ಷೆಯಾಗಿ ತಂದು ಪ್ರಸಾದನಿಲಯಗಳ ಒಲೆಯನ್ನು ಉರಿಸಿದ ಸ್ವಾಮಿಗಳ ಶ್ರಮದಿಂದಲೇ ಮಠಗಳ ಶಾಲೆಗಳು ನಿಂತವು. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಟ್ಟರು. ಸುತ್ತೂರು ಮಠದ ಉಚಿತ ವಸತಿಶಾಲೆ ನಮ್ಮ ಸಮೀಪದಲ್ಲಿಯೇ ಇದೆ. ಈ ಪರಂಪರೆಯ ಅನ್ನವುಂಡ ಶಾಲೆಗಳು ‘ವಿಳಾಸದ ಪುರಾವೆ ತನ್ನಿ’ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಅಷ್ಟಾಗಿ ಶೋಭಿಸುವುದಿಲ್ಲ.

ಉಪಾಧ್ಯಾಯರ ಕಷ್ಟವನ್ನು ಅರಿಯದೆ ಮಾತನಾಡುತ್ತಿದ್ದೇನೆಂದು ಯಾರೂ ಭಾವಿಸಬಾರದು. ತರಗತಿಯಲ್ಲಿ ಐವತ್ತು ಮಕ್ಕಳಿರುವಾಗ ನವೆಂಬರಿನಲ್ಲಿ ಬಂದು ಕುಳಿತ ಐವತ್ತೊಂದನೆಯ ಮಗುವಿಗೆ ಜೂನ್ ತಿಂಗಳ ಪಾಠವನ್ನು ಯಾವಾಗ ಹೇಳುವುದು? ಮುಂದೆ ಹತ್ತನೆಯ ತರಗತಿಯ ಫಲಿತಾಂಶ ಶೇಕಡಾ ಎರಡು ಇಳಿದರೆ ಆಡಳಿತ ಮಂಡಲಿಗೆ ಉತ್ತರ ಹೇಳುವವರು ಯಾರು? ಬರುವುದು ಖಚಿತವಿಲ್ಲದ ಮಗುವಿನ ಹೆಸರನ್ನು ಪುಸ್ತಕದಲ್ಲಿ ಉಳಿಸಿಕೊಂಡರೆ ಹಾಜರಾತಿಯ ಸರಾಸರಿ ಕುಸಿದು, ತಪಾಸಣೆಗೆ ಬಂದವರು ಸಂಖ್ಯೆಯನ್ನು ಹಿಗ್ಗಿಸಿದ್ದಾರೆಂದು ಶಂಕಿಸುವ ಅಪಾಯವೂ ಇದೆ. ಇವು ಕುಂಟು ನೆಪಗಳಲ್ಲ. ಅದರಲ್ಲಿಯೂ ಶಿಕ್ಷಣ ಹಕ್ಕಿನ ಕಾಯಿದೆ ಹದಿನಾಲ್ಕು ವರ್ಷದ ಆಚೆಗೆ ಕೈ ಚಾಚುವುದಿಲ್ಲವಾದುದರಿಂದ ಪ್ರೌಢಶಾಲೆಯ ಕೊನೆಯ ಎರಡು ತರಗತಿಗಳಲ್ಲಿ ಎಲ್ಲವೂ ಮುಖ್ಯೋಪಾಧ್ಯಾಯರ ಮನಸ್ಸಿನ ಮೇಲೆಯೇ ನಿಲ್ಲುತ್ತದೆ. ಭಾರವನ್ನೆಲ್ಲ ಉಪಾಧ್ಯಾಯರ ಹೆಗಲ ಮೇಲೆ ಹೊರಿಸಿ ಮಠವೂ ದಾನಿಗಳೂ ಆಶೀರ್ವದಿಸುತ್ತ ನಿಂತರೆ ಈ ಕೆಲಸ ನಡೆಯುವುದಿಲ್ಲವೆಂಬುದನ್ನು ನಾನೇ ಮೊದಲು ಹೇಳುತ್ತೇನೆ.

ಬೇರೆ ಕಡೆ ಇದಕ್ಕೆ ದಾರಿ ಹುಡುಕಿದ್ದಾರೆ. ಇಂಗ್ಲೆಂಡಿನಲ್ಲಿ ಜಾತ್ರೆ ಸರ್ಕಸ್ಸುಗಳ ಹಿಂದೆ ತಿರುಗುವ ಕುಟುಂಬಗಳ ಮಗುವಿಗೆ ಮೂಲಶಾಲೆಯೆಂಬುದೊಂದನ್ನು ಗೊತ್ತುಮಾಡುವ ಪದ್ಧತಿಯಿದೆ. ಮಗು ಹೋದೆಡೆಯ ಶಾಲೆಯಲ್ಲಿಯೂ ಹೆಸರು ಹಚ್ಚಿಕೊಳ್ಳಬಹುದು, ಮೂಲಶಾಲೆಯಲ್ಲಿ ಹೆಸರು ಅಳಿಯುವುದಿಲ್ಲ. ಅಮೆರಿಕದಲ್ಲಿ ಬೆಳೆ ಕೀಳುತ್ತ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕೂಲಿಕಾರರ ಮಕ್ಕಳಿಗಾಗಿ ಒಕ್ಕೂಟ ಸರಕಾರ 1966ರಲ್ಲಿಯೇ ವಿಶೇಷ ಕಾರ್ಯಕ್ರಮವನ್ನು ಏರ್ಪಡಿಸಿತು. ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮವರು ತಟ್ಟೆ ತೊಳೆದ ಮುಂಬಯಿಯಲ್ಲಿಯೇ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಸಂಜೆ ಪಾಠಕ್ಕೆ ಕುಳಿತರು. ಕಲಿತವರು ಮುಂದೆ ಬ್ಯಾಂಕುಗಳಿಗೂ ಕಚೇರಿಗಳಿಗೂ ಸೇರಿದರು. ಹೆಚ್ಚಾಗಿ ಕರಾವಳಿಯ ಜನರ ಉದ್ಯಮ ಅದು. ಪರಸ್ಥಳದಲ್ಲಿ, ಬಾಡಿಗೆಯ ಕೋಣೆಗಳಲ್ಲಿ, ಅನ್ಯಭಾಷೆಯ ನಡುವೆ ಅವರು ಮಾಡಿದ್ದನ್ನು ನಾವು ನಮ್ಮ ಸ್ವಂತ ಕಟ್ಟಡದಲ್ಲಿ ಮಾಡಲಾರೆವೆ?

ನನ್ನ ಸೂಚನೆ ಬಹಳ ಸಣ್ಣದು. ಊರು ಬಿಟ್ಟ ಕುಟುಂಬದ ಮಗುವಿನ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದು ಕೈತೊಳೆದುಕೊಳ್ಳುವ ಬದಲು, ಅಧಿಕೃತ ದಾಖಲೆಗೆ ಭಂಗ ಬಾರದಂತೆ ಶ್ರೀಮಠದ ವತಿಯಿಂದ ಬೇರೊಂದು ಪುಸ್ತಕವನ್ನು ಇಡೋಣ. ಮಗು ಎಲ್ಲಿಗೆ ಹೋಯಿತು, ಯಾರೊಡನೆ, ಫೋನ್ ಸಂಖ್ಯೆ ಯಾವುದು, ಎಷ್ಟನೆಯ ಪಾಠಕ್ಕೆ ನಿಂತಿತು ಎಂಬುದು ಅದರಲ್ಲಿರಲಿ. ಮಗುವಿನ ಕೈಯಲ್ಲಿಯೂ ಇದರದೇ ಒಂದು ಚಿಕ್ಕ ಪುಸ್ತಕವಿರಲಿ; ತರಗತಿಯ ಉಪಾಧ್ಯಾಯರು ರುಜು ಹಾಕಿ, ಮಗು ಓದಲು ಬಲ್ಲುದೆ, ಭಾಗಾಕಾರ ಬರುತ್ತದೆಯೆ ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಟ್ಟರೆ ಹೋದ ಊರಿನ ಶಾಲೆಗೂ ಅದು ಉಪಯೋಗಕ್ಕೆ ಬಂದೀತು. ತಿಂಗಳಿಗೊಮ್ಮೆ ಆ ಮಗುವಿಗೆ ಯಾರಾದರೂ ಫೋನು ಮಾಡಲಿ. ಇದಕ್ಕೆ ಸಮಿತಿ ಬೇಡ, ಉದ್ಘಾಟನೆಯೂ ಬೇಡ. ಮರಳಿ ಬಂದ ದಿನ ಯಾವ ಪತ್ರವನ್ನೂ ಕೇಳದೆ ಒಳಗೆ ಕರೆದು ಕೂರಿಸಲಿ. ಪತ್ರವನ್ನು ತರಿಸಿಕೊಳ್ಳುವ ಹೊಣೆ ಶಾಲೆಯದು, ತಂದೆಯದಲ್ಲ.

ಇನ್ನು ಹಣದ ಮಾತು. ಹಿಂದೆ ಬಿದ್ದ ಮಕ್ಕಳಿಗೆ ಪಾಠ ಹೇಳಲೆಂದೇ ಒಬ್ಬ ಉಪಾಧ್ಯಾಯರು, ಒಂದು ಕೊಠಡಿ, ಪ್ರಸಾದನಿಲಯದಲ್ಲಿ ವರ್ಷದ ಯಾವ ತಿಂಗಳಿಗಾದರೂ ಸಿಗುವಂತೆ ಖಾಲಿ ಇಟ್ಟ ಹತ್ತು ಹಾಸಿಗೆ. ತಂದೆತಾಯಿ ಮುಂಬಯಿಗೆ ಹೋಗಲೇಬೇಕಾದರೆ ಮಗು ಇಲ್ಲಿಯೇ ಉಳಿದು ಓದಬಹುದು. ಕಬ್ಬಿನ ಹಂಗಾಮಿನಲ್ಲಿ ಗದ್ದೆಯ ಗುಡಿಸಲಿನ ಮಕ್ಕಳು ಸಂಜೆಯ ಪಾಠಕ್ಕೆ ಬಂದು ಊಟ ಮಾಡಿ ಹೋಗಬಹುದು. ಆ ಅಕ್ಕನ ಕಂಕುಳಲ್ಲಿರುವ ಕೂಸಿಗೂ ಒಂದು ಮೂಲೆ ಬೇಕಾಗುತ್ತದೆ, ಅದನ್ನು ಮರೆಯಬಾರದು. ಖಾಲಿ ಹಾಸಿಗೆ ನಷ್ಟವೆಂದು ಲೆಕ್ಕಪತ್ರದವರು ಹೇಳುವರು. ಅತಿಥಿಗೃಹದಲ್ಲಿ ಗಣ್ಯರಿಗಾಗಿ ಸದಾ ಖಾಲಿ ಇರುವ ಕೋಣೆಗಳನ್ನು ನಾವು ನಷ್ಟವೆಂದು ಎಂದೂ ಕರೆದಿಲ್ಲ. ದಾನಿಗಳಲ್ಲಿ ವಿನಂತಿ ಇಷ್ಟೆ: ಮಹಾದ್ವಾರಕ್ಕೂ ಸಭಾಭವನದ ನೆಲಹಾಸಿಗೂ ಕೊಡುವುದಾಗಿ ವಾಗ್ದಾನ ಮಾಡಿರುವುದರಲ್ಲಿ ಒಂದು ಪಾಲನ್ನು ಇತ್ತ ತಿರುಗಿಸಬಾರದೇಕೆ? ಇದರ ಮೇಲೆ ಹೆಸರು ಕೆತ್ತಿಸಲು ಕಲ್ಲು ಸಿಗುವುದಿಲ್ಲವೆಂಬುದು ನಿಜ.

ಹೊರದೇಶಗಳಲ್ಲಿ ನೆಲೆಸಿರುವ ಹಿರಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ತಾವೂ ಊರು ಬಿಟ್ಟವರೇ. ಕೆಲಸ ಬದಲಾದಾಗ ವರ್ಷದ ನಡುವೆಯೇ ಒಂದು ನಗರದಿಂದ ಇನ್ನೊಂದಕ್ಕೆ ಹೋಗಿ, ತಮ್ಮ ಮಕ್ಕಳನ್ನು ಹತ್ತಿರದ ಶಾಲೆಗೆ ಒಂದೇ ವಾರದಲ್ಲಿ ಸೇರಿಸಿದ ಅನುಭವ ತಮ್ಮಲ್ಲಿ ಹಲವರಿಗೆ ಇರುತ್ತದೆ. ಅಲ್ಲಿ ಯಾವ ಅರ್ಜಿ ತುಂಬಿದಿರಿ, ಮಗುವಿನ ಮಟ್ಟವನ್ನು ಹೇಗೆ ಪರೀಕ್ಷಿಸಿದರು, ಭಾಷೆ ಬಾರದ ಮಗುವನ್ನು ಮೊದಲ ತಿಂಗಳು ಹೇಗೆ ನಡೆಸಿಕೊಂಡರು ಎಂಬುದನ್ನು ಬರೆದು ಕಳುಹಿಸಿದರೆ ಅದು ದೇಣಿಗೆಗಿಂತ ಕಡಿಮೆಯ ಸಹಾಯವಲ್ಲ.

ಕನ್ನಂಬಾಡಿಯ ಹಳೆಯ ಊರು ನೀರಿನಡಿಗೆ ಹೋದಾಗ ಅಲ್ಲಿನ ಜನ ಎದ್ದು ಬೇರೆಡೆ ನೆಲೆಸಿದರು. ವೇಣುಗೋಪಾಲಸ್ವಾಮಿಯ ಗುಡಿಯನ್ನೂ ನಮ್ಮ ಕಾಲದಲ್ಲಿ ಹೊಸ ಕನ್ನಂಬಾಡಿಯಲ್ಲಿ ಕಲ್ಲು ಕಲ್ಲಾಗಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ನೋಡಲು ದೂರದಿಂದ ಜನ ಬರುತ್ತಾರೆ. ಊರು ಬಿಟ್ಟ ದೇವರಿಗೆ ಅಷ್ಟು ಆಸ್ಥೆ ವಹಿಸಿದ ಸೀಮೆ ಇದು. ಮುಂದಿನ ಜೂನ್ ತಿಂಗಳಲ್ಲಿ ಹೊಸ ದಾಖಲಾತಿ ಆರಂಭವಾಗುವ ಮುನ್ನ, ಕಳೆದ ಐದು ವರ್ಷಗಳ ಪುಸ್ತಕಗಳನ್ನು ತೆರೆದು ‘ಊರು ಬಿಟ್ಟಿದ್ದಾರೆ’ ಎಂಬ ಷರಾ ಇರುವ ಹೆಸರುಗಳನ್ನು ಪಟ್ಟಿಮಾಡಲು ಇಬ್ಬರು ಉಪಾಧ್ಯಾಯರಿಗೆ ಒಂದು ವಾರದ ಬಿಡುವು ಕೊಡಬೇಕೆಂದು ಆಡಳಿತ ಮಂಡಲಿಯನ್ನು ಕೋರುತ್ತೇನೆ. ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯ ಹಳ್ಳಿಗಳಿಗೆ ಹೋಗಿ ವಿಚಾರಿಸಿಕೊಂಡು ಬರುವ ಕೆಲಸಕ್ಕೆ ನಾನೂ ಜೊತೆಗೂಡುತ್ತೇನೆ; ಬಸ್ಸಿನ ಖರ್ಚು ನನ್ನದು.